ಕ್ಷಮೆಯ ಹೆಸರಿನಲ್ಲಿ ನ್ಯಾಸಾಪಹಾರ

ಒಗೆಯಲು ಕೊಟ್ಟ ಜರಿಸೀರೆ ಸುಟ್ಟು ಬಂದಾಗ, ಹೊಳಪಿಗೆ ಕೊಟ್ಟ ಬಸದಿಯ ಬೆಳ್ಳಿ ಪ್ರಭಾವಳಿ ಮುರಿದು ಬಂದಾಗ, ಅಂಗಡಿಯವನು ರಸೀದಿಯ ಸಣ್ಣಕ್ಷರಗಳನ್ನು ತೋರಿಸುತ್ತಾನೆ: ‘ಹಾನಿಗೆ ನಾವು ಹೊಣೆಯಲ್ಲ.’ ಒಡನೆಯೇ ಹಿರಿಯರೊಬ್ಬರು, ‘ಉತ್ತಮ ಕ್ಷಮೆಯೇ ಜೈನನಿಗೆ ಭೂಷಣ, ಬಿಟ್ಟುಬಿಡಿ’ ಎನ್ನುತ್ತಾರೆ.

ಹೀಗೆನ್ನುವವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದು ನೋಡಲಿ. ಉಮಾಸ್ವಾಮಿಗಳು ನ್ಯಾಸಾಪಹಾರವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಒತ್ತೆಯಿಟ್ಟವನು ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು ಅದೇ ದೋಷವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಪರರ ಮರೆವಿನ ಲಾಭ ಪಡೆಯುವುದೇ ದೋಷವಾದರೆ, ತನ್ನ ಕೈಯಿಂದಲೇ ಕೆಟ್ಟುದನ್ನು ಸಣ್ಣಕ್ಷರಗಳ ಮರೆಗೆ ತಳ್ಳುವುದು ಮತ್ತೇನು? (ಇಂತಹ ರಸೀದಿ ಮುದ್ರಿಸಿದ ಅಂಗಡಿಗಳಲ್ಲಿ ಶ್ರಾವಕರವೂ ಇಲ್ಲದಿಲ್ಲ.)

ರಾಜ್ಯಶಾಸನವೂ ಭಿನ್ನವಲ್ಲ. ವಶಕ್ಕೆ ಪಡೆದ ವಸ್ತುವನ್ನು ವಿವೇಕಿಯು ತನ್ನದನ್ನು ಕಾಯುವಷ್ಟೇ ಎಚ್ಚರದಿಂದ ಕಾಯಬೇಕೆಂದು 1872ರ ಕರಾರು ಕಾಯಿದೆಯ 151ನೆಯ ಕಲಮು ವಿಧಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗೃಹಸ್ಥನು 2 ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೇಳುವವನಿಗೂ ವ್ರತವುಂಟು: ಹತ್ತು ವರ್ಷ ಉಟ್ಟ ಸೀರೆಗೆ ಹೊಸದರ ಬೆಲೆ ಹೇಳಿದರೆ ಅದೂ ಅಸತ್ಯವೇ.

ಸೀರೆಯ ನಷ್ಟವನ್ನು ಮನ್ನಿಸುವುದು ಗೃಹಿಣಿಯ ಇಚ್ಛೆ. ಪ್ರಭಾವಳಿಯಾದರೋ ಧರ್ಮದರ್ಶಿಗಳ ಸ್ವತ್ತಲ್ಲ, ದೇವದ್ರವ್ಯ. ತನ್ನದಲ್ಲದುದನ್ನು ಬಿಟ್ಟುಕೊಟ್ಟು ಕ್ಷಮಾಶೀಲರೆನಿಸಿಕೊಳ್ಳುವ ಅಧಿಕಾರವನ್ನು ಅವರಿಗೆ ಕೊಟ್ಟವರಾರು? ಕೊಡುವಾಗಲೇ ತೂಕವನ್ನೂ ಇದ್ದ ಸ್ಥಿತಿಯನ್ನೂ ಬರೆಸಿ ಅಂಗಡಿಯವನ ಸಹಿ ಪಡೆಯದ ಟ್ರಸ್ಟು, ಮುರಿದು ಬಂದ ದಿನ ಯಾವ ಆಧಾರದಿಂದ ಪರಿಹಾರ ಕೇಳೀತು?