ಸಾಲ ಕೊಡುವವರಿದ್ದಾರೆ, ಲೆಕ್ಕ ಕಲಿಸುವವರು ಯಾರು?

ನಮ್ಮ ಪಟ್ಟಣಗಳ ಪೇಟೆಬೀದಿಯಲ್ಲಿ ಒಂದು ದೃಶ್ಯ ಮರುಕಳಿಸುತ್ತಲೇ ಇದೆ. ಹೊಸ ಅಂಗಡಿಯೊಂದು ಬಣ್ಣದ ಫಲಕದೊಂದಿಗೆ ತೆರೆದುಕೊಳ್ಳುತ್ತದೆ. ಎರಡು ವರ್ಷ ತುಂಬುವ ಮುನ್ನವೇ ಅದರ ಬಾಗಿಲಲ್ಲಿ ‘ಬಾಡಿಗೆಗಿದೆ’ ಎಂಬ ಚೀಟಿ ಕಾಣಿಸುತ್ತದೆ. ಅಂಗಡಿ ಮುಚ್ಚಿದವನು ಸೋಮಾರಿಯಲ್ಲ, ಬೆಳಗಿನಿಂದ ರಾತ್ರಿಯವರೆಗೆ ದುಡಿದವನೇ. ಆದರೆ ಪತ್ನಿಯ ಒಡವೆ ಅಡವಿಟ್ಟು ತಂದ ಹಣ ಎಲ್ಲಿ ಸೋರಿಹೋಯಿತೆಂಬುದು ಅವನಿಗೇ ತಿಳಿದಿರುವುದಿಲ್ಲ.

ದೇಶದ ಮುಸ್ಲಿಮ್ ದುಡಿಮೆಗಾರರಲ್ಲಿ ಶೇ. 61ರಷ್ಟು ಮಂದಿ ಸ್ವಯಂ ಉದ್ಯೋಗಿಗಳೆಂದು ಸಾಚಾರ್ ಸಮಿತಿಯು 2006ರಲ್ಲಿಯೇ ಹೇಳಿತ್ತು. ಹೀಗಿರುವಾಗ ಒಂದು ಅಂಗಡಿಯ ಸೋಲನ್ನು ಒಬ್ಬನ ದುರದೃಷ್ಟವೆಂದು ತಳ್ಳಿಹಾಕಲಾಗದು. ಅದರ ಬೆನ್ನಿಗೇ ಮಗಳ ಕಾಲೇಜು ನಿಲ್ಲುತ್ತದೆ, ಮಗ ವೀಸಾ ಹುಡುಕತೊಡಗುತ್ತಾನೆ.

ಸಾಲಕ್ಕೆ ದಾರಿಗಳಿಲ್ಲವೆಂದಲ್ಲ. 2015ರಲ್ಲಿ ಅಡಮಾನವಿಲ್ಲದ ಮುದ್ರಾ ಸಾಲ ಬಂತು. 2023ರಲ್ಲಿ 18 ಬಗೆಯ ಕಸುಬುದಾರರಿಗಾಗಿ ವಿಶ್ವಕರ್ಮ ಯೋಜನೆ ಬಂತು. ಆದರೆ ಹಣ ಕೈಸೇರಿದ ನಂತರ ಪಕ್ಕದಲ್ಲಿ ಕುಳಿತು ದಾರಿ ತೋರುವವರು ಯಾರು? ಈ ಕೊರತೆಯನ್ನು ಬಹಳ ಹಿಂದೆಯೇ ಮನಗಂಡದ್ದು ಉಜಿರೆಯ ರುಡ್‌ಸೆಟ್ ಸಂಸ್ಥೆ. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ 1982ರಲ್ಲಿ ಕಟ್ಟಿದ ಈ ಸಂಸ್ಥೆ, ಉಚಿತ ತರಬೇತಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಕಲಿತು ಹೋದವರ ಬೆನ್ನಿಗೆ ನಿಂತು ವಿಚಾರಿಸುವ ಕ್ರಮವನ್ನೂ ಬೆಳೆಸಿತು. ಅದೇ ಮಾದರಿಯ ಕೇಂದ್ರಗಳು ಮುಂದೆ ದೇಶದ ಜಿಲ್ಲೆಗಳಿಗೆ ಹಬ್ಬಿದವು. ಆದರೆ ಅವು ಮುಖ್ಯವಾಗಿ ಗ್ರಾಮೀಣ ಯುವಜನರಿಗಾಗಿ ಇರುವಂಥವು. ಪಟ್ಟಣದ ದರ್ಜಿ, ಬೇಕರಿಯವ, ಮೆಕ್ಯಾನಿಕ್ ಒಂಟಿಯಾಗಿಯೇ ಉಳಿದಿದ್ದಾನೆ.

ಹೋಟೆಲಿನ ಸಭಾಂಗಣದಲ್ಲಿ ಸಾವಿರಾರು ರೂಪಾಯಿ ಪಡೆದು ‘ಕೋಟ್ಯಧೀಶರಾಗಿ’ ಎಂದು ಹುರಿದುಂಬಿಸುವ ಭಾಷಣಗಳು ಈ ಕೊರತೆಯನ್ನು ತುಂಬಲಾರವು. ಒಬ್ಬ ದರ್ಜಿ ಒಂದು ಉಡುಪಿಗೆ 500 ರೂಪಾಯಿ ಪಡೆಯುತ್ತಾನೆ ಎಂದಿಟ್ಟುಕೊಳ್ಳಿ. ನೂಲು, ಅಸ್ತರಿಗೆ 150 ಹೋಗಿ 350 ಲಾಭವಾಯಿತೆಂದು ಅವನು ಭಾವಿಸುತ್ತಾನೆ. ಬಾಡಿಗೆ, ವಿದ್ಯುತ್ತು, ಸಹಾಯಕನ ಕೂಲಿಯ ಪಾಲು ಕಳೆದು 60 ಮಾತ್ರ ಉಳಿದರೆ, ಅವನ ಸ್ವಂತ ಕೂಲಿಯೂ ಹುಟ್ಟಲಿಲ್ಲವೆಂದೇ ಅರ್ಥ. ಇದನ್ನು ತೋರಿಸಲು ಭಾಷಣಕಾರ ಬೇಡ, ಪುಸ್ತಕ ತೆರೆದು ಒಂದು ಗಂಟೆ ಜೊತೆಗೆ ಕೂರುವ ಹಿತೈಷಿ ಸಾಕು. ಗಲ್ಲಾಪೆಟ್ಟಿಗೆಯ ಹಣವನ್ನೂ ಮನೆಖರ್ಚನ್ನೂ ಬೇರ್ಪಡಿಸುವುದು, ಉದ್ರಿಗೆ ಮಿತಿ ಹಾಕುವುದು, ತನಗೂ ಸಂಬಳ ನಿಗದಿಪಡಿಸುವುದು ಅಲ್ಲಿಂದಲೇ ಆರಂಭವಾಗುತ್ತದೆ.

ಪ್ರತಿ ಪಟ್ಟಣದಲ್ಲೂ ನಿವೃತ್ತ ಬ್ಯಾಂಕ್ ನೌಕರರು, ಲೆಕ್ಕಪರಿಶೋಧಕರು, ಅನುಭವಿ ವರ್ತಕರು ಇದ್ದಾರೆ. ಒಬ್ಬೊಬ್ಬರು ಐದು ಮಂದಿ ಸಣ್ಣ ವ್ಯಾಪಾರಿಗಳನ್ನು ವಹಿಸಿಕೊಂಡು ತಿಂಗಳಿಗೊಮ್ಮೆ ಕೂರುವಂತೆ ಜಮಾಅತ್‌ಗಳು ಏರ್ಪಾಡು ಮಾಡಲಾಗದೇ? ಮನೆಯಲ್ಲೇ ಕಸೂತಿ, ಅಡುಗೆಯಿಂದ ಸಂಪಾದಿಸುವ ಮಹಿಳೆಯರೂ ಇದರಿಂದ ಹೊರಗುಳಿಯಬಾರದು. ನಷ್ಟ ಹೇಳಿಕೊಳ್ಳಲು ಮರ್ಯಾದೆ ಅಡ್ಡ ಬರುವುದು ಸಹಜ. ಆದ್ದರಿಂದ ಕೇಳಿಸಿಕೊಂಡವರು ಆ ಲೆಕ್ಕವನ್ನು ಅಮಾನತ್ತಾಗಿ ಕಾಯಬೇಕು. ಅದು ಮಸೀದಿಯ ಜಗಲಿಯ ಮಾತಾಗಕೂಡದು.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಆ ಸೂಕ್ತವನ್ನು ಓದುವ ನಮ್ಮ ಅಂಗಡಿಗಳಲ್ಲೇ ಲೆಕ್ಕದ ಪುಸ್ತಕ ಇಲ್ಲದಿರುವುದು ಆತ್ಮಾವಲೋಕನಕ್ಕೆ ಸಾಕಾಗದೇ?