ಕೂಡುವ ಎರಡು ಬಗೆ

ಇಂದಿನ ಹುಡುಗರು ನಂಬಲಿಕ್ಕಿಲ್ಲ. 1948ರವರೆಗೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋದರೆ ಸರಕಾರವೇ ಬದಲಾಗುತ್ತಿತ್ತು. ಹುಬ್ಬಳ್ಳಿ, ನವಲಗುಂದ, ಕಲಘಟಗಿ ಮುಂಬಯಿ ಪ್ರಾಂತದವು. ಕುಂದಗೋಳ ಮಾತ್ರ ದೂರದ ಜಮಖಂಡಿ ಸಂಸ್ಥಾನದ್ದು. ಎರಡೂ ಕಡೆ ಅದೇ ಎರೆ ಹೊಲ, ಅದೇ ಜೋಳದ ರೊಟ್ಟಿ, ಅದೇ ಮಾತು.

ಒಂದೇ ಭಾಷೆಯವರು ಒಂದಾಗಬೇಕೆಂಬ ಹಂಬಲ ಅದೇ ಕಾಲಕ್ಕೆ ಯುರೋಪಿನಲ್ಲೂ ಇತ್ತು. ಮೊದಲ ಮಹಾಯುದ್ಧದಲ್ಲಿ ಸೋತ ಆಸ್ಟ್ರಿಯ, 1918ರ ನವೆಂಬರಿನಲ್ಲಿ ತಾನು ಜರ್ಮನಿಯ ಭಾಗವೆಂದು ಸಾರಿತು. ಗೆದ್ದ ರಾಷ್ಟ್ರಗಳು 1919ರ ಒಪ್ಪಂದದಲ್ಲಿ ಅದನ್ನು ತಡೆದವು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ, ಮೊದಲು ಐಕ್ಯ ಬಯಸಿದ್ದ ಅಲ್ಲಿಯ ಸಮಾಜವಾದಿಗಳೇ ಹಿಂದೆ ಸರಿದರು. 1938ರ ಮಾರ್ಚ್ 12ರಂದು ಅವನ ಸೇನೆ ಗಡಿ ದಾಟಿತು. ಜನರ ಮತ ಕೇಳಿದ್ದು ಆಮೇಲೆ, ಏಪ್ರಿಲ್ 10ಕ್ಕೆ. ಯಹೂದಿಗಳಿಗೆ ಮತವೇ ಇರಲಿಲ್ಲ. 1945ರಲ್ಲಿ ಹಿಟ್ಲರನ ಜೊತೆಗೆ ಆ ಐಕ್ಯವೂ ಮುಗಿಯಿತು.

ನಮ್ಮ ದಾರಿ ಉದ್ದವಾಗಿತ್ತು. ಆಲೂರ ವೆಂಕಟರಾಯರು ಬರೆದು, ತಿರುಗಾಡಿ ಜನರನ್ನು ಎಬ್ಬಿಸಿದರು. 1924ರಲ್ಲಿ ಬೆಳಗಾವಿಯಲ್ಲಿ ಏಕೀಕರಣ ಪರಿಷತ್ತು ಸೇರಿತು. 1953ರಲ್ಲಿ ಅದರಗುಂಚಿ ಶಂಕರಗೌಡರು 23 ದಿನ ಉಪವಾಸ ಕುಳಿತರು. ಹುಬ್ಬಳ್ಳಿಯಲ್ಲಿ ಗಲಭೆಯೂ ಆಯಿತು. ಹಳೆ ಮೈಸೂರಿನ ಅನೇಕರಿಗೆ ಈ ಕೂಡಿಕೆ ಬೇಡವಾಗಿತ್ತು. ಅವರ ಬಾಯಿ ಯಾರೂ ಕಟ್ಟಲಿಲ್ಲ. ವಿಧಾನಸಭೆಯಲ್ಲಿಯೇ ವಾದ ನಡೆಯಿತು. ಕೊನೆಗೆ 1956ರ ನವೆಂಬರ್ 1ರಂದು ಕೂಡಿದೆವು.

ಉತ್ತರ ಕರ್ನಾಟಕಕ್ಕೆ ಅನ್ಯಾಯವಾಗಿದೆ, ಬೇರೆಯಾಗೋಣ ಎಂಬ ಮಾತು ಆಗಾಗ ಏಳುತ್ತದೆ. ಅನ್ಯಾಯವಿದ್ದಲ್ಲಿ ಗಟ್ಟಿಯಾಗಿ ಕೇಳಲೇಬೇಕು. ವಾದಿಸಿ ಕೂಡಿದವರಿಗೆ ಕೂಡಿದ ಮೇಲೂ ವಾದಿಸುವ ಹಕ್ಕಿದೆ. ಆ ಹಕ್ಕು ಇರುವಾಗ ಮನೆ ಒಡೆಯುವ ಮಾತೇಕೆ?