ರಾಯರ ನೋಟ್‌ಬುಕ್ ಮತ್ತು ನನ್ನ ಮೊದಲ ಡೇಟಾಬೇಸ್

ಒಂದು ಗುಟ್ಟು ಹೇಳುತ್ತೇನೆ, ನಗಬೇಡಿ. ಎಂಸಿಎ ಮಾಡಿ, ಹದಿನೈದು ವರ್ಷ ಐಟಿಯಲ್ಲಿ ದುಡಿದ ನನಗೆ ಮೊನ್ನೆ ಮೊನ್ನೆಯವರೆಗೂ ಸ್ವಂತವಾಗಿ ಒಂದು ವೆಬ್ ಪುಟ ಮಾಡಲು ಬರುತ್ತಿರಲಿಲ್ಲ. ಕಾಲೇಜಿನಲ್ಲಿ ನಾರ್ಮಲೈಸೇಶನ್ ಬಗ್ಗೆ ಹತ್ತು ಅಂಕದ ಉತ್ತರ ಬರೆದಿದ್ದೆ, ನಿಜ. ಆಮೇಲೆ ಟೆಸ್ಟಿಂಗ್, ಆಮೇಲೆ ಬರೀ ಮೀಟಿಂಗು, ಎಕ್ಸೆಲ್ ಶೀಟು. ಕೋಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ ನನ್ನಂಥವರು ಬೇಕಾದಷ್ಟು ಜನ ಇದ್ದೇವೆ.

ಕಲಿಯುವಂತೆ ಮಾಡಿದವರು ಲೇಕ್ ಮಾರ್ಕೆಟ್ ಹತ್ತಿರದ ರಾಯರು. ಅವರ ಮನೆಯ ಎರಡು ಬೀರುಗಳಲ್ಲಿ ಮುನ್ನೂರು ಚಿಲ್ಲರೆ ಕನ್ನಡ ಪುಸ್ತಕಗಳಿದ್ದವು. ಇಲ್ಲಿಯ ಸುಮಾರು ಮೂವತ್ತು ಕನ್ನಡ ಮನೆಗಳವರು ಒಯ್ದು, ಓದಿ, ತಂದಿಡುತ್ತೇವೆ. ಯಾರು ಏನು ಒಯ್ದರು ಎಂಬುದೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ. ಈ ವರ್ಷ ರಾಯರು ಮೈಸೂರಿಗೆ, ಮಗನ ಮನೆಗೆ ಹೊರಟು ನಿಂತರು. "ಪುಸ್ತಕ ಇಲ್ಲೇ ಇರಲಿ. ಲೆಕ್ಕ ಯಾರು ಇಡ್ತಾರೆ? ನೀನು ಕಂಪ್ಯೂಟರಿನವಳಲ್ವೇನಮ್ಮಾ?" ಎಂದರು. ಬರುವುದಿಲ್ಲ ಎನ್ನಲು ನಾಚಿಕೆಯಾಯಿತು.

ಅವರು ಹಿಂದೆ ನುಡಿಯಲ್ಲಿ ಟೈಪ್ ಮಾಡಿಸಿದ್ದ ಪುಸ್ತಕಪಟ್ಟಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಇವುಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಕಾಣುವುದು ಫಾಂಟ್ ಇದ್ದರೆ ಮಾತ್ರ; ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿಕೊಂಡೆ. ನನ್ನ ಮೊದಲ ಎಚ್‌ಟಿಎಂಎಲ್ ಪುಟದಲ್ಲೂ ಇದೇ ಗೋಳು: ಮೇಲ್ಗಡೆ 'ಮೆಟಾ ಚಾರ್‌ಸೆಟ್ ಯುಟಿಎಫ್-8' ಎಂಬ ಒಂದು ಸಾಲು ಬಿಟ್ಟಿದ್ದೆ, ಕನ್ನಡವೆಲ್ಲ ಚಿತ್ರವಿಚಿತ್ರ ಗುರುತುಗಳಾಗಿ ನಿಂತಿತು.

ಡೇಟಾಬೇಸಿಗೆ ಎಸ್‌ಕ್ಯುಲೈಟ್ ಹಿಡಿದೆ. ಪುಕ್ಕಟೆ, ಸರ್ವರ್ ಬೇಡ, ಇಡೀ ಡೇಟಾಬೇಸು ಒಂದೇ ಫೈಲು. ನೋಟ್‌ಬುಕ್ಕಿನಲ್ಲಿದ್ದಂತೆಯೇ ಎಲ್ಲವನ್ನೂ ಒಂದೇ ಟೇಬಲ್ಲಿಗೆ ತುಂಬಿದೆ. ಒಬ್ಬರು ಫೋನ್ ನಂಬರು ಬದಲಾಯಿಸಿದರು ನೋಡಿ, ಇಪ್ಪತ್ತು ಕಡೆ ತಿದ್ದಬೇಕಾಯಿತು! ಐಬಿಎಂನ ಎಡ್ಗರ್ ಕಾಡ್ 1970ರ ತಮ್ಮ ಪ್ರಬಂಧದಲ್ಲಿ ತೋರಿಸಿದ ದಾರಿ ಆಗ ಅರ್ಥವಾಯಿತು. ಒಂದು ಸಂಗತಿ ಒಂದೇ ಕಡೆ ಇರಲಿ, ಉಳಿದವು ಅದನ್ನು ಬೆರಳು ಮಾಡಿ ತೋರಿಸಲಿ. ಹತ್ತು ಅಂಕದ ಉತ್ತರ ಬರೆದಾಗ ಇದು ತಲೆಗೆ ಹೋಗಿರಲಿಲ್ಲ. ಪುಸ್ತಕ, ಸದಸ್ಯರು, ಎರವಲು ಎಂದು ಮೂರು ಟೇಬಲ್ ಮಾಡಿದೆ.

ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ರಾಯರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದವರೇ, "ಮಹಾ ಬರೋಕೆ ಮುಂಚೆ ಮಳೆ ಹೇಗೆ ಬಂತಮ್ಮಾ?" ಎಂದರು. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಯುನಿಕೋಡಿನಲ್ಲಿ ಅದರ ಜಾಗ ಲ ಮತ್ತು ವ ನಡುವೆ. ಎಸ್‌ಕ್ಯುಲೈಟ್ ನಾವೇನೂ ಹೇಳದಿದ್ದರೆ ಸಂಕೇತಗಳ ಕ್ರಮದಲ್ಲೇ ಜೋಡಿಸುತ್ತದೆ. ನಾನು ಗಮನಿಸಿಯೇ ಇರಲಿಲ್ಲ. ರಾಯರಿಗೆ ಅರ್ಧ ನಿಮಿಷ ಸಾಕಾಯಿತು.

ದೊಡ್ಡ ಅನಾಹುತ ಆಮೇಲಿನದು. ಒಬ್ಬರು ಪುಸ್ತಕ ಹಿಂದಿರುಗಿಸಿದರು. ಅಪ್‌ಡೇಟ್ ಬರೆದೆ, ವೇರ್ ಬರೆಯಲು ಮರೆತೆ. ಎಂಟರ್ ಒತ್ತಿದ್ದೇ ತಡ, ಮೂವತ್ತು ಮನೆಯವರೂ ಎಲ್ಲ ಪುಸ್ತಕಗಳನ್ನೂ ಅದೇ ದಿನ ವಾಪಸು ಕೊಟ್ಟುಬಿಟ್ಟಿದ್ದರು! ಬ್ಯಾಕಪ್ ಇರಲಿಲ್ಲ. ಪ್ರಾಜೆಕ್ಟಿನಲ್ಲಿ ಹುಡುಗರಿಗೆ ಬ್ಯಾಕಪ್ ಬಗ್ಗೆ ಉಪದೇಶ ಮಾಡುವವಳು ನಾನೇ. ರಾಯರ ನೋಟ್‌ಬುಕ್ ಮುಂದಿಟ್ಟುಕೊಂಡು ಎರಡು ರಾತ್ರಿ ಕೂತು ಮತ್ತೆ ತುಂಬಿದೆ. "ಅದಕ್ಕೇ ನಾನು ಯಾವತ್ತೂ ಪೆನ್ಸಿಲ್‌ನಲ್ಲಿ ಬರೀಲಿಲ್ಲ" ಎಂದು ನಕ್ಕರು.

ಈಗ ನನ್ನ ಪದ್ಧತಿ ಇಷ್ಟು: ಮೊದಲು ಫೈಲಿನ ಪ್ರತಿ ಮಾಡಿಡುವುದು, ಅದೇ ವೇರ್ ಹಾಕಿ ಸೆಲೆಕ್ಟ್ ಓಡಿಸಿ ಎಷ್ಟು ಸಾಲು ಬರುತ್ತದೆ ನೋಡುವುದು, ಆಮೇಲೆ ಅಪ್‌ಡೇಟ್. ನೀವೂ ಕಲಿಯಬೇಕೆಂದಿದ್ದರೆ ಕೋರ್ಸಿನ ಉದಾಹರಣೆಗಳಲ್ಲೇ ನಿಲ್ಲಬೇಡಿ. ಮನೆಯದೋ ಸಂಘದ್ದೋ, ತಪ್ಪಾದರೆ ಯಾರಾದರೂ ಕೇಳುವಂಥ ಪಟ್ಟಿಯೊಂದನ್ನು ಹಿಡಿಯಿರಿ. ಕೇಳುವವರಿದ್ದದ್ದಕ್ಕೇ ನಾನು ಕಲಿತೆ.

ರಾಯರು ಹೊರಟ ವಾರ ಸದಸ್ಯರ ಟೇಬಲ್ಲಿನಿಂದ ಅವರ ಹೆಸರು ತೆಗೆಯಲು ಹೋದೆ. ಡೇಟಾಬೇಸು ಒಪ್ಪಲಿಲ್ಲ. ಎರವಲು ಟೇಬಲ್ಲಿನ ಸಾಲುಗಳು ಅವರನ್ನು ತೋರಿಸುತ್ತಿವೆ, ಅಳಿಸಲಾಗದು ಎಂದಿತು. ಆ ಫಾರಿನ್ ಕೀ ಕಟ್ಟುಪಾಡು ಹಾಕಿದ್ದವಳು ನಾನೇ. ನೋಡಿದರೆ, ರೈಲಿನಲ್ಲಿ ಓದಲೆಂದು ಅವರು ಒಯ್ದ ಒಂದು ಪುಸ್ತಕ ಇನ್ನೂ ಬಾಕಿ. ಹೆಸರು ಹಾಗೇ ಬಿಟ್ಟು, 'ಊರು' ಎಂಬ ಹೊಸ ಕಾಲಂ ಸೇರಿಸಿ, ಅವರ ಮುಂದೆ ಮೈಸೂರು ಎಂದು ಬರೆದೆ. ವೇರ್ ಹಾಕಿಯೇ.